ತಿದ್ದಬೇಕಾದ್ದು ಬೆಳಕನ್ನು, ಮೈಬಣ್ಣವನ್ನಲ್ಲ

ಮದುವೆ ಫೋಟೊ ತೆಗೆಯುವ ನನಗೆ ಆಲ್ಬಂ ಕೆಲಸ ಶುರುವಾಗುವ ಮೊದಲೇ ಕೇಳಿಬರುವ ಮಾತೊಂದಿದೆ: ‘ಸ್ವಲ್ಪ ಬೆಳ್ಳಗೆ ಮಾಡಿಬಿಡಿ ಸಾರ್.’ ಹೆಚ್ಚಾಗಿ ಇದು ಮದುಮಗಳ ಬಗ್ಗೆಯೇ. ಹೇಳುವವರು ಹುಡುಗಿಯ ಚಿಕ್ಕಮ್ಮನೋ, ಗಂಡಿನ ಕಡೆಯವರೋ, ಕೆಲವೊಮ್ಮೆ ಆ ಹುಡುಗಿಯೇ. ಮದುಮಗನನ್ನು ಬೆಳ್ಳಗೆ ಮಾಡಿ ಎಂದವರು ಕಡಿಮೆ.

ಹಾಗೆಂದು ‘ಎಡಿಟಿಂಗ್ ಎಂದರೇ ಮೋಸ’ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಕ್ಯಾಮೆರಾ ಕಂಡದ್ದೆಲ್ಲ ನಿಜವಲ್ಲ. ಎದುರಿಗಿರುವುದೆಲ್ಲ ಸರಾಸರಿ ಬೂದುಬಣ್ಣದ್ದು ಎಂದುಕೊಂಡು ಅದರ ಮೀಟರ್ ಬೆಳಕಿನ ಲೆಕ್ಕ ಹಾಕುತ್ತದೆ. ಫ್ರೇಮಿನ ತುಂಬ ಬಿಳಿ ಪಂಚೆ, ಬಿಳಿ ಸೀರೆಗಳಿದ್ದರೆ ಬೆಳಕು ಹೆಚ್ಚಾಯಿತೆಂದು ಇಳಿಸಿಬಿಡುತ್ತದೆ; ಮುಖ ಇರುವುದಕ್ಕಿಂತ ಕಪ್ಪಗೆ ಬರುತ್ತದೆ. ಅರಿಶಿನ ಶಾಸ್ತ್ರದ ಹಳದಿಯನ್ನು ಆಟೊ ವೈಟ್ ಬ್ಯಾಲೆನ್ಸ್ ಕೆಲವೊಮ್ಮೆ ದೋಷವೆಂದೇ ತಿಳಿದು ನೀಲಿಯ ಕಡೆಗೆ ಎಳೆಯುತ್ತದೆ. ಇವನ್ನು ಸರಿಪಡಿಸುವುದು ಮೋಸವಲ್ಲ, ನನ್ನ ಕೆಲಸ. ಅದಕ್ಕೇ ರಾ ಫೈಲ್‌ನಲ್ಲಿ ತೆಗೆಯುತ್ತೇನೆ. ಸಾಮಾನ್ಯ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮಟ್ಟಗಳಾದರೆ, 14 ಬಿಟ್ ರಾ ಫೈಲ್‌ನಲ್ಲಿ 16,384. ನೆರಳಿನಲ್ಲಿ ಉಳಿದ ಮುಖವನ್ನು ಹಾಳಾಗದಂತೆ ಬೆಳಕಿಗೆ ತರಲು ಇದು ಬೇಕು.

ತಿದ್ದುವುದು ಹೊಸದೂ ಅಲ್ಲ. ಫೋಟೊಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅದಕ್ಕೂ ಬಹಳ ಹಿಂದೆಯೇ ಸ್ಟುಡಿಯೊಗಳಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮುಖದ ಕಲೆ, ಸುಕ್ಕು ಮರೆಮಾಡುತ್ತಿದ್ದರು. ಆದರೆ ಅದಕ್ಕೆ ಕೈಪಳಗಬೇಕಿತ್ತು, ಒಂದೊಂದು ಚಿತ್ರಕ್ಕೂ ಸಮಯ ಹಿಡಿಯುತ್ತಿತ್ತು. ಈಗ ಒಂದು ಪ್ರಿಸೆಟ್ ಒತ್ತಿದರೆ ಇಡೀ ಮದುವೆಯೇ ಬೆಳ್ಳಗಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದೇ ಈಗಿನ ಪ್ರಶ್ನೆ.

ನನ್ನ ಲೆಕ್ಕ ಸರಳ. ಹದಿನೈದು ದಿನದಲ್ಲಿ ತಾನಾಗಿಯೇ ಹೋಗುವುದನ್ನು ಅಳಿಸುತ್ತೇನೆ: ಮೊಡವೆ, ನಿದ್ದೆಗೆಟ್ಟ ಕಣ್ಣಿನ ಕೆಂಪು, ಬೆವರಿಗೆ ಇಳಿದ ಕುಂಕುಮ. ಬದುಕಿನುದ್ದಕ್ಕೂ ಜೊತೆಗಿರುವುದನ್ನು ಮುಟ್ಟುವುದಿಲ್ಲ: ಮಚ್ಚೆ, ಹಳೇ ಗಾಯದ ಗುರುತು, ಅಜ್ಜಿಯ ಸುಕ್ಕು, ಮೈಬಣ್ಣ.

ಪತ್ರಿಕಾ ಛಾಯಾಗ್ರಹಣದಲ್ಲಿ ನಿಯಮ ಇನ್ನೂ ಬಿಗಿ. 2006ರಲ್ಲಿ ಬೈರೂತ್ ಮೇಲಿನ ಹೊಗೆಯನ್ನು ಫೋಟೊದಲ್ಲಿ ದಟ್ಟವಾಗಿಸಿದ್ದು ಬಯಲಾದಾಗ ರಾಯಿಟರ್ಸ್ ಆ ಛಾಯಾಗ್ರಾಹಕನ 920 ಚಿತ್ರಗಳನ್ನು ಹಿಂತೆಗೆದುಕೊಂಡಿತು. ರೂಪದರ್ಶಿಯ ಮೈಕಟ್ಟನ್ನು ತಿದ್ದಿದ ಜಾಹೀರಾತಿನ ಮೇಲೆ ಹಾಗೆಂದು ಬರೆಯಲೇಬೇಕು ಎಂಬ ನಿಯಮ ಫ್ರಾನ್ಸ್‌ನಲ್ಲಿ 2017ರಿಂದ, ನಾರ್ವೆಯಲ್ಲಿ 2022ರಿಂದ ಇದೆ. ಮದುವೆ ಆಲ್ಬಂಗೆ ಇಂಥ ಕಾನೂನು ಬೇಕಿಲ್ಲ. ಆದರೆ ಕಾನೂನಿಲ್ಲದ ಕಡೆ ನಮ್ಮ ವಿವೇಕಕ್ಕೇ ಹೆಚ್ಚು ಕೆಲಸ.

‘ಗಿರಾಕಿ ಕೇಳಿದ್ದನ್ನು ಕೊಡುವುದೇ ವ್ಯಾಪಾರ’ ಎಂದು ಗೆಳೆಯರು ಹೇಳುತ್ತಾರೆ. ಅದೂ ಸುಳ್ಳಲ್ಲ. ಆಗುವುದಿಲ್ಲ ಎಂದದ್ದಕ್ಕೆ ಕೈತಪ್ಪಿದ ಕೆಲಸಗಳಿವೆ. ಹಾಗಾಗಿ ಬುಕಿಂಗ್ ಸಮಯದಲ್ಲೇ ಎರಡು ಪ್ರಿಂಟ್ ತೋರಿಸುತ್ತೇನೆ. ಎರಡೂ ನನ್ನ ಹಾಗೇ ಕಪ್ಪಗಿರುವ ನನ್ನ ತಂಗಿಯವು; ತೋರಿಸು ಎಂದವಳೂ ಅವಳೇ. ಒಂದರಲ್ಲಿ ಬೆಳಕನ್ನಷ್ಟೇ ತಿದ್ದಿದ್ದೇನೆ, ಇನ್ನೊಂದರಲ್ಲಿ ಮುಖ ಬೆಳ್ಳಗೆ ಮಾಡಿದ್ದೇನೆ. ಎರಡನೆಯದರಲ್ಲಿ ಮುಖ ಒಂದು ಬಣ್ಣ, ಮೆಹಂದಿ ಹಾಕಿದ ಕೈ ಇನ್ನೊಂದು ಬಣ್ಣ. ಕೆನ್ನೆಗೆ ಬೀಳಬೇಕಿದ್ದ ನೆರಳೂ ಇಲ್ಲ. ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಹೆಚ್ಚಿನವರು ಮೊದಲನೆಯದನ್ನೇ ಆರಿಸುತ್ತಾರೆ.

ಮದುವೆ ಆಲ್ಬಂ ಇಂದಿಗೆ ಮುಗಿಯುವ ವಸ್ತುವಲ್ಲ. ನಾಳೆ ಅದನ್ನು ತೆರೆಯುವ ಮಗಳಿಗೆ ಅಮ್ಮನ ಬಣ್ಣವೇ ಬಂದಿರಬಹುದು. ಆಲ್ಬಂನಲ್ಲಿ ಆ ಬಣ್ಣವೇ ಕಾಣದಿದ್ದರೆ, ಅದು ಮುಚ್ಚಿಡಬೇಕಾದದ್ದು ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ನಿಮ್ಮ ಮನೆಯ ಮದುವೆಗೆ ಫೋಟೊಗ್ರಾಫರನ್ನು ಗೊತ್ತುಮಾಡುವಾಗ ರೇಟಿನ ಜೊತೆಗೆ ಇದನ್ನೂ ಮಾತಾಡಿಕೊಳ್ಳಿ: ‘ಬೆಳಕು ಚೆನ್ನಾಗಿರಲಿ, ಬಣ್ಣ ನಮ್ಮದೇ ಇರಲಿ.’ ಹೀಗೆ ಹೇಳುವ ಮನೆಯವರು ಸಿಕ್ಕರೆ ನನ್ನಂಥವರ ಕೆಲಸವೂ ಹಗುರವಾಗುತ್ತದೆ.