ಪಟ್ಟಿ ಕೊಟ್ಟಿರಿ, ಪುಸ್ತಕ ಎಲ್ಲಿ?

ನವೆಂಬರ್ ಬಂತೆಂದರೆ ಸಾಕು, ಕನ್ನಡಿಗರು ಸಾಯುವ ಮುನ್ನ ಓದಲೇಬೇಕಾದ ನೂರು ಪುಸ್ತಕಗಳ ಪಟ್ಟಿಗಳು ಏಳುತ್ತವೆ. ಪಟ್ಟಿ ಮಾಡುವವರು ಅದೇ ಹತ್ತು ಮಂದಿ, ಪಟ್ಟಿಯೊಳಗೆ ಇರುವವರೂ ಹೆಚ್ಚುಕಡಿಮೆ ಅದೇ ಹತ್ತು ಮಂದಿ. ಕೊನೆಗೊಂದು ತೊಟ್ಟು ಕಣ್ಣೀರು: ಹಳ್ಳಿ ಹುಡುಗರು ಓದುವುದನ್ನೇ ಬಿಟ್ಟರು, ಮೊಬೈಲ್ ಹಿಡಿದು ಹಾಳಾದರು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರಿಗೆ ಈ ಕಣ್ಣೀರು ಕಂಡು ಕಂಡು ಸಾಕಾಗಿದೆ. ಓದಬೇಕು, ಒಪ್ಪಿದೆವು. ಪುಸ್ತಕ ಎಲ್ಲಿದೆ ಸ್ವಾಮಿ? ಚಳ್ಳಕೆರೆಯಲ್ಲಿ ಕಡಲೆಕಾಯಿ ಎಣ್ಣೆ ಕೇಳಿ, ಡಬ್ಬಗಟ್ಟಲೆ ಕೊಡುತ್ತೇವೆ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ಕೇಳಿ, ಮಗ್ಗದಿಂದಲೇ ಇಳಿಸಿ ಕೊಡುತ್ತಾರೆ. ನಿಮ್ಮ ನೂರರಲ್ಲಿ ಒಂದು ಕಾದಂಬರಿ ಕೇಳಿ ನೋಡಿ. ಅಂಗಡಿಯವನು ಎಸ್ಸೆಸ್ಸೆಲ್ಸಿ ಗೈಡ್ ತೋರಿಸುತ್ತಾನೆ.

ಹೀಗೆ ದೂರದಲ್ಲಿ ಕೂತು ಇದನ್ನು ಓದಿ, ಹೀಗೆ ಬದುಕಿ ಎಂದು ಅಪ್ಪಣೆ ಕೊಡಿಸುವವರು ನಮಗೆ ಹೊಸಬರಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಿ, ನಿಜ ಹೇಳಿ, ಗುರುವಿಗೆ ಮರ್ಯಾದೆ ಕೊಡಿ ಎಂಬ ಉಪದೇಶ ದೂರದ ಸುವರ್ಣಗಿರಿಯಿಂದ ಇಲ್ಲಿನ ಇಸಿಲದ ಅಧಿಕಾರಿಗಳಿಗೆ ಬಂತು. ಭಾಷೆ ಪ್ರಾಕೃತ, ಇಲ್ಲಿನ ಕುರಿಗಾಹಿಗೆ ಅರ್ಥವಾಗಿತ್ತೋ ಇಲ್ಲವೋ. ಆದರೆ ಆ ಚಕ್ರವರ್ತಿ ಒಂದು ಕೆಲಸ ಮಾಡಿದ: ಓದಬೇಕಾದ್ದನ್ನು ಸ್ವಂತ ಖರ್ಚಿನಲ್ಲಿ ಊರ ಬಂಡೆಯ ಮೇಲೆ ಕೊರೆಸಿದ. ಅದನ್ನು ಬರೆದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ವೃತ್ತಿಯನ್ನು ದೂರದ ಖರೋಷ್ಠಿ ಲಿಪಿಯಲ್ಲಿ ಗೀಚಿ, ತನಗೆ ಇದೂ ಬರುತ್ತದೆ ಎಂದು ತೋರಿಸಿಕೊಂಡೂ ಹೋದ. ಎರಡು ಸಾವಿರದ ಇನ್ನೂರು ವರ್ಷಗಳಾದರೂ ಪಠ್ಯ ಅಲ್ಲೇ ಇದೆ. ಇಂದಿನ ಸರ್ಕಾರಕ್ಕೆ ಅಷ್ಟೂ ಆಗುತ್ತಿಲ್ಲ.

ದುಡ್ಡಿಲ್ಲವೆಂದೇ? ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ನೂರಕ್ಕೆ ಆರು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅದರ ಹೆಸರಲ್ಲಿ ಇಂದಿಗೂ ವಸೂಲಿ ನಡೆದಿದೆ. ಹಂಚಿನ ಮನೆಯವರೂ ಕೊಡುತ್ತಾರೆ, ಓದು ಬಾರದವರೂ ಕೊಡುತ್ತಾರೆ. ನೂರಕ್ಕೆ ಆರು! ಪುಸ್ತಕಕ್ಕೆಂದು ಹೀಗೆ ಕಡ್ಡಾಯವಾಗಿ ಕಾಸು ಬಿಚ್ಚುವ ಜನರನ್ನೇ ಓದದವರು ಎನ್ನುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ? ರಾಜಧಾನಿಯ ಪಾಲಿಕೆಯೇ ಜನರಿಂದ ಕಿತ್ತ ಈ ಕರವನ್ನು ನೂರಾರು ಕೋಟಿಯಷ್ಟು ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಹಳಸಿಹೋಗಿದೆ. ಅದೇ ರಸೀದಿಯಲ್ಲಿ ಕೆಳಗೆ ಭಿಕ್ಷುಕರ ಕರ, ನೂರಕ್ಕೆ ಮೂರು. ಕನಿಷ್ಠ ವೇತನ ಕೊಡಿ ಎಂದು ವರ್ಷಗಟ್ಟಲೆ ಬೀದಿಯಲ್ಲಿ ಕೂತ ಹಳ್ಳಿ ಗ್ರಂಥಾಲಯ ಮೇಲ್ವಿಚಾರಕರನ್ನು ಯಾವ ಲೆಕ್ಕಕ್ಕೆ ಸೇರಿಸಿದ್ದೀರೋ ನಿಮಗೇ ಗೊತ್ತು.

2019ರಲ್ಲಿ ಹಳ್ಳಿ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಗೆ ದಾಟಿಸಿದರು. ಆಮೇಲೆ 'ಅರಿವು ಕೇಂದ್ರ' ಎಂಬ ಹೊಸ ಬೋರ್ಡು ಬಂತು, ಗೋಡೆಗೆ ಚಿತ್ರ ಬಂತು, ಕಂಪ್ಯೂಟರೂ ಬಂತು. ನಮ್ಮ ಕಡೆಯ ಅಂಥದೊಂದು ಕೇಂದ್ರಕ್ಕೆ ಹೋಗಿದ್ದೆ. ಬೀರುವಿನ ಮೇಲಿನ ಎರಡು ಅಂಕಣ ಎಫ್‌ಡಿಎ, ಪಿಡಿಒ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಗೈಡುಗಳು. ಕೆಳಗೆ, ಪುಟಕ್ಕಿಷ್ಟು ಪೈಸೆಯೆಂಬ ಸರ್ಕಾರಿ ದರಕ್ಕಾಗಿಯೇ ಅಚ್ಚಾದ, ಯಾರೂ ಬೆನ್ನು ಮುರಿಯದ ಅಭಿನಂದನ ಗ್ರಂಥಗಳು. ಮೂಲೆಯಲ್ಲಿ, ಚಿತ್ರದುರ್ಗದ ಪತನದ ಕಥೆ ಹೇಳುವ 'ದುರ್ಗಾಸ್ತಮಾನ'. ಹೊದಿಕೆ ಹರಿದು ಮದುವೆ ಲಗ್ನಪತ್ರಿಕೆಯ ರಟ್ಟು ಅಂಟಿಸಿತ್ತು, ಕೊನೆಯ ಒಂದಷ್ಟು ಪುಟಗಳೇ ಇರಲಿಲ್ಲ. ಇದನ್ನೂ ಒಯ್ಯುತ್ತಾರಾ ಎಂದೆ. ಅಲ್ಲೇ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ತಲೆಯೆತ್ತಿ, 'ಒಯ್ಯದೇ ಏನು ಸಾರ್, ಕೊನೇಲಿ ದುರ್ಗ ಬೀಳ್ತದೆ ಅಂತ ಎಲ್ರಿಗೂ ಗೊತ್ತಲ್ಲ' ಎಂದರು. ಇವರು ಓದದ ಜನ!

ಹೇಳುತ್ತೇನೆ ಕೇಳಿ. ಆ ಪುಸ್ತಕ ಬರೆದ ತ.ರಾ.ಸು. ಇದೇ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ ತೀರಿಕೊಂಡಿದ್ದರು. ವಿಮರ್ಶಕರು ಜನಪ್ರಿಯ ಎಂಬ ಮೊಹರೊತ್ತಿ ಅವರನ್ನು ಹಜಾರದಲ್ಲೇ ಕೂರಿಸಿದ್ದಾರೆ, ಪಟ್ಟಿಯವರು ಒಳಗೆ ಕರೆದರೂ 'ಹಂಸಗೀತೆ'ಗಷ್ಟೇ. ಅದೇ ತಳುಕಿನ ಟಿ.ಎಸ್. ವೆಂಕಣ್ಣಯ್ಯ ಕುವೆಂಪು ಅವರ ಗುರು. 'ಶ್ರೀ ರಾಮಾಯಣ ದರ್ಶನಂ' ಅರ್ಪಣೆಯಾಗಿರುವುದು ಅವರಿಗೆ. ಕನ್ನಡದ ಅತಿ ದೊಡ್ಡ ಲೇಖಕನನ್ನು ರೂಪಿಸಿದ ಮೇಷ್ಟ್ರು ಚಳ್ಳಕೆರೆ ತಾಲ್ಲೂಕಿನಿಂದ ಹೋದವರು, ಪಟ್ಟಿಗಳು ಮಾತ್ರ ಅಲ್ಲಿಂದ ಇಲ್ಲಿಗೆ ಬರುತ್ತವೆ. ಇದೇ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳ 'ಯೇಗ್ದಾಗೆಲ್ಲಾ ಐತೆ' ಯಾವ ವಿಮರ್ಶಕನ ಶಿಫಾರಸಿಗೂ ಕಾಯಲಿಲ್ಲ. ಓದಿದವರು ಪಕ್ಕದವರ ಕೈಗಿತ್ತು ಓಡಾಡಿಸಿದರು, ಮುದ್ರಣದ ಮೇಲೆ ಮುದ್ರಣ ಕಂಡಿತು. ಇನ್ನು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಅಕ್ಷರ ಕಲಿಯದ ಈ ಮುದುಕಿಯ ತಲೆಯೊಳಗೆ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರು ಕೂತು ಬರೆದುಕೊಂಡದ್ದರಿಂದ ಉಳಿದವು. ನಿಮ್ಮ ನೂರರಲ್ಲಿ ಆಕೆಯ ನಂಬರ್ ಎಷ್ಟನೆಯದು? ಮೊಳಕಾಲ್ಮುರಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಎರಡು ಭಾಷೆಯ ನಡುವೆ ಬೆಳೆಯುವ ಆ ಮಗುವಿಗೆ ಮೊದಲು ಯಾವ ಪುಸ್ತಕ ಕೊಡಬೇಕೆಂದು ನಿಮ್ಮಲ್ಲಿ ಯಾರಾದರೂ ಒಂದು ಸಾಲು ಬರೆದಿದ್ದೀರಾ?

ಬರೆಯುವುದಿಲ್ಲ. ನಮ್ಮಿಂದ ಬೇಕಾದದ್ದು ಬೇರೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನೆಗೆ, ಅಣುಶಕ್ತಿಗೆ, ಬಾಹ್ಯಾಕಾಶಕ್ಕೆ ಎಂದು ಬೇಲಿ ಹಾಕಿಕೊಂಡರು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಎಲ್ಲವೂ ಜ್ಞಾನಕ್ಕಾಗಿ! ದನ ಮೇಯಿಸುತ್ತಿದ್ದವರು ಹುಲ್ಲು ಕಳೆದುಕೊಂಡರು, ಹೋರಾಟ ಮಾಡಿದರು, ಹಸಿರು ಪೀಠದ ತನಕ ಅಲೆದರು. ದೇಶದ ಜ್ಞಾನಕ್ಕೆ ಕಾವಲನ್ನೇ ಕೊಟ್ಟ ತಾಲ್ಲೂಕಿಗೆ ತಿರುಗಿ ಒಂದು ಬೀರು ಒಳ್ಳೆಯ ಪುಸ್ತಕ ಕೊಡಲು ಆಗಲಿಲ್ಲ.

ಎಡ-ಬಲದ ಜಗಳದವರೂ ಇದರಲ್ಲಿ ಸಾಚಾ ಅಲ್ಲ. 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿ ಪಠ್ಯಪುಸ್ತಕಕ್ಕೆ ಕೈಹಾಕಿದಾಗ ನಾಡೇ ಹೊತ್ತಿಕೊಂಡಿತು. ದೇವನೂರ ಮಹಾದೇವ ತಮ್ಮ ಬರಹಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದರು. ಅವರ ಸಿಟ್ಟು ನ್ಯಾಯವಾದದ್ದೇ. 2023ರಲ್ಲಿ ಸರ್ಕಾರ ಬದಲಾಯಿತು, ಪಾಠಗಳೂ ಬದಲಾದವು. ಯಾವ ಪಾಠ ಒಳಗೆ, ಯಾವುದು ಹೊರಗೆ ಎಂದು ಎರಡೂ ಬಣ ಗಂಟಲು ಹರಿದುಕೊಂಡವು. ಪಾಠ ಮುಗಿಸಿದ ಹುಡುಗಿ ಆ ಲೇಖಕನ ಇನ್ನೊಂದು ಪುಸ್ತಕ ಬೇಕೆಂದು ನಾಯಕನಹಟ್ಟಿಯಲ್ಲೋ ರಾಂಪುರದಲ್ಲೋ ಹುಡುಕಿದರೆ ಏನು ಸಿಗುತ್ತದೆ ಎಂದು ಯಾವ ಬಣವೂ ಕೇಳಲಿಲ್ಲ. ಕೇಳಿದರೆ ಆರು ಪರ್ಸೆಂಟಿನ ಲೆಕ್ಕ ಕೇಳಬೇಕಾಗುತ್ತದೆ. ಅದರಲ್ಲಿ ಟಿವಿ ಚರ್ಚೆಗೆ ಬೇಕಾದ ರೋಚಕತೆ ಇಲ್ಲ.

ಪಂಚಾಯಿತಿಯವರಿಗೂ ಪುರಸಭೆ, ನಗರಸಭೆಗಳಿಗೂ ಒಂದೇ ಕೆಲಸ ಹೇಳುತ್ತೇನೆ. ಅರಿವು ಕೇಂದ್ರದ ಗೋಡೆಯ ಮೇಲೆ ಮಹಾತ್ಮರ ಚಿತ್ರದ ಪಕ್ಕ ಒಂದು ಮೊಳ ಜಾಗ ಬಿಡಿ. ಈ ವರ್ಷ ಊರಿನಿಂದ ಎತ್ತಿದ ಗ್ರಂಥಾಲಯ ಕರ ಇಷ್ಟು, ಅದರಲ್ಲಿ ಪುಸ್ತಕ ಕೊಂಡದ್ದು ಇಷ್ಟು ರೂಪಾಯಿಗೆ, ಆರಿಸಿದವರು ಇಂಥವರು ಎಂದು ಆಯಿಲ್ ಪೇಂಟಿನಲ್ಲಿ ಬರೆಸಿ. ಪಟ್ಟಿ ಮಾಡುವ ಪಂಡಿತರು ಮುಂದಿನ ನವೆಂಬರಿಗೆ ಆ ಗೋಡೆಯನ್ನೊಮ್ಮೆ ಓದಿಕೊಂಡು ಬರಲಿ, ಆಮೇಲೆ ನಮ್ಮ ಹುಡುಗರ ಓದಿನ ಬಗ್ಗೆ ಮಾತಾಡೋಣ.