ಸಿನಿಮಾದ ಬುತ್ತಿ ಕಟ್ಟುವ ಕೆಲಸ

ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಆ ಊರಿನ ಓಣಿಗಳಲ್ಲಿ, ಆ ಊರಿನ ಮಂದಿಯನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ಜೈಶಂಕರ್ ಆರ್ಯರ್ ನಿರ್ದೇಶಿಸಿದ ‘ಶಿವಮ್ಮ’ ಚಿತ್ರ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆಯಿತು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗ್ ನಂಬಿ ದುಡ್ಡು ಹೂಡುವ ಕಥೆ ಅದು. 2024ರಲ್ಲಿ ‘ಶಿವಮ್ಮ ಯರೇಹಂಚಿನಾಳ’ ಎಂಬ ಹೆಸರಿನಲ್ಲಿ ರಾಜ್ಯದ ಚಿತ್ರಮಂದಿರಗಳಿಗೂ ಬಂತು.

ಪ್ರಶಸ್ತಿಯ ಸುದ್ದಿ ಓದಿದ ವಿದ್ಯಾರ್ಥಿಗಳು ಕಥೆ ಯಾರದು, ಕ್ಯಾಮೆರಾ ಯಾವುದು, ಖರ್ಚೆಷ್ಟು ಎಂದು ಕೇಳುತ್ತಾರೆ. ಮುಗಿದ ಚಿತ್ರ ಸಂಕಲನಕಾರರ ಕಂಪ್ಯೂಟರಿನಿಂದ ಚಿತ್ರಮಂದಿರದ ಪರದೆಯವರೆಗೆ ಹೇಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಕೊನೆಯ ಈ ಹೆಜ್ಜೆ ತಪ್ಪಿದರೆ ಹಿಂದಿನ ಎಲ್ಲ ದುಡಿಮೆಯೂ ಕತ್ತಲ ಪರದೆಯ ಮುಂದೆ ಕೂತುಬಿಡುತ್ತದೆ.

ಡಬ್ಬಿಯ ಕಾಲ

ಕೊಪ್ಪಳ ಸೀಮೆಯ ನಡುವಯಸ್ಸಿನವರಿಗೆ ರೀಲಿನ ಡಬ್ಬಿಗಳ ನೆನಪು ಇದ್ದೇ ಇರುತ್ತದೆ. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮುಗಳು. ಸೆಕೆಂಡಿಗೆ 24 ಫ್ರೇಮು ಓಡಬೇಕು. ಅಂದರೆ ನಿಮಿಷಕ್ಕೆ 90 ಅಡಿ. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದ! ಇಂಥ ಒಂದೊಂದು ಪ್ರಿಂಟಿಗೂ ದೊಡ್ಡ ಮೊತ್ತ ಬೀಳುತ್ತಿದ್ದುದರಿಂದ ನಿರ್ಮಾಪಕರು ಎಣಿಸಿದಷ್ಟೇ ಪ್ರಿಂಟು ಹಾಕಿಸುತ್ತಿದ್ದರು. ಅವು ಮೊದಲು ದೊಡ್ಡ ಊರುಗಳಲ್ಲಿ ಓಡಿ, ಗೀರು ಬಿದ್ದು, ಅಲ್ಲಲ್ಲಿ ತುಂಡಾಗಿ ಅಂಟಿಸಿಕೊಂಡು ಸಣ್ಣ ಊರುಗಳಿಗೆ ಬರುವ ಹೊತ್ತಿಗೆ ವಾರಗಳೋ ತಿಂಗಳುಗಳೋ ಕಳೆದಿರುತ್ತಿದ್ದವು. ಒಂದೇ ಪ್ರಿಂಟನ್ನು ಎರಡು ಟಾಕೀಜುಗಳು ಹಂಚಿಕೊಂಡು, ಮೊದಲ ರೀಲು ಇಲ್ಲಿ ಮುಗಿಯುತ್ತಿದ್ದಂತೆ ಅದನ್ನು ಗಾಡಿಯ ಮೇಲೆ ಅಲ್ಲಿಗೆ ಓಡಿಸುತ್ತಿದ್ದುದೂ ಉಂಟು.

ಅಮೆರಿಕದ ಏಳು ದೊಡ್ಡ ಸ್ಟುಡಿಯೋಗಳು 2002ರಲ್ಲಿ ಒಂದು ಒಕ್ಕೂಟ ಮಾಡಿಕೊಂಡು, ಫಿಲ್ಮಿಗೆ ಬದಲಾಗಿ ಬರುವ ಡಿಜಿಟಲ್ ಚಿತ್ರ ಹೇಗಿರಬೇಕೆಂದು 2005ರಲ್ಲಿ ನಿಯಮಾವಳಿಯನ್ನು ಹೊರತಂದವು. ಆ ನಿಯಮದಂತೆ ಸಿದ್ಧವಾಗುವುದೇ ‘ಡಿಜಿಟಲ್ ಸಿನಿಮಾ ಪ್ಯಾಕೇಜ್’, ಚಿಕ್ಕದಾಗಿ ಡಿಸಿಪಿ. ಅದೇ ಹೊತ್ತಿನಲ್ಲಿ ಭಾರತದಲ್ಲಿ ಯುಎಫ್ಓ, ಚೆನ್ನೈನ ಕ್ಯೂಬ್ ಮುಂತಾದ ಸಂಸ್ಥೆಗಳು ಸಣ್ಣ ಊರುಗಳ ಟಾಕೀಜುಗಳಲ್ಲೂ ಡಿಜಿಟಲ್ ಯಂತ್ರ ಕೂಡಿಸಿದವು. ಉಪಗ್ರಹದ ಮೂಲಕ ಚಿತ್ರ ಕಳಿಸುವ ವ್ಯವಸ್ಥೆಯೂ ಬಂತು. ಬೆಂಗಳೂರಿನಲ್ಲಿ ಶುಕ್ರವಾರ ಬಿಡುಗಡೆಯಾದ ಚಿತ್ರ ಕೊಪ್ಪಳ, ಗಂಗಾವತಿಗಳಂಥ ಊರುಗಳಲ್ಲೂ ಅದೇ ಶುಕ್ರವಾರ ಗೀರಿಲ್ಲದೆ ಕಾಣುವಂತಾಯಿತು.

ಬುತ್ತಿಯೊಳಗೆ ಏನಿದೆ?

ಇರಕಲ್ಲಗಡ ಕೊಪ್ಪಳ ತಾಲ್ಲೂಕಿನ ಹೋಬಳಿ ಊರು. ಅಲ್ಲಿನ ಪಿಯುಸಿ ಹುಡುಗಿಯೊಬ್ಬಳು ಊರ ಕೋಟೆಯನ್ನು ಕುರಿತು ಹದಿನೈದು ನಿಮಿಷದ ಚಿತ್ರ ತೆಗೆದಿದ್ದಾಳೆ ಎಂದಿಟ್ಟುಕೊಳ್ಳಿ. ಸಂಕಲನ ಮುಗಿದಿದೆ. ಕೊಪ್ಪಳದ ಟಾಕೀಜಿನ ಮಾಲೀಕರು ಒಂದು ಬೆಳಿಗ್ಗೆ, ಮೊದಲ ಆಟಕ್ಕೆ ಮುಂಚೆ, ಪರದೆ ಬಿಟ್ಟುಕೊಡಲು ಒಪ್ಪಿದ್ದಾರೆ. ಚಿತ್ರದಲ್ಲಿ ಕಾಣಿಸಿಕೊಂಡ ಹಿರಿಯರೆಲ್ಲ ಟ್ರ್ಯಾಕ್ಸ್ ಮಾಡಿಕೊಂಡು ಬರುವವರಿದ್ದಾರೆ. ಹುಡುಗಿ ಮಾತ್ರ ಇನ್ನೂ ಕಂಪ್ಯೂಟರ್ ಬಿಟ್ಟು ಎದ್ದಿಲ್ಲ.

“ಪಿಚ್ಚರ್ ಮುಗೀತಂದೀ, ಮತ್ತ ಇದೇನವಾ ಹಗಲೂ ರಾತ್ರಿ?” ಎಂದು ಅಪ್ಪ ಕೇಳಿದರೆ, “ತೆಗಿಯೂದು ಮುಗದೈತಪಾ, ಬುತ್ತಿ ಕಟ್ಟೂದು ಐತಿ” ಎಂದಾಳು.

ಹೋಲಿಕೆ ಸರಿಯಾಗಿಯೇ ಇದೆ. ಡಿಸಿಪಿ ಎನ್ನುವುದು ಮೊಬೈಲಿನ ವಿಡಿಯೊದಂತೆ ಒಂದೇ ಫೈಲಲ್ಲ, ಅದೊಂದು ಫೋಲ್ಡರು. ಬುತ್ತಿ ಗಂಟಿನಲ್ಲಿ ರೊಟ್ಟಿ, ಪಲ್ಯ, ಚಟ್ನಿ ಬೇರೆ ಬೇರೆ ಇರುವಂತೆ ಅದರಲ್ಲಿ ಚಿತ್ರದ ಫೈಲು ಬೇರೆ, ಧ್ವನಿಯ ಫೈಲು ಬೇರೆ, ಉಪಶೀರ್ಷಿಕೆಯ ಫೈಲು ಬೇರೆ. ಜೊತೆಗೆ ಯಾವುದನ್ನು ಯಾವಾಗ ಬಡಿಸಬೇಕೆಂಬ ಪಟ್ಟಿಯೊಂದು, ಗಂಟಿನಲ್ಲಿ ಏನೇನಿದೆ ಎಂಬ ಪಟ್ಟಿ ಇನ್ನೊಂದು. ಪ್ರತಿ ಫೈಲಿಗೂ ಗಣಿತದ ಲೆಕ್ಕದಿಂದ ತೆಗೆದ ಹೆಬ್ಬೆಟ್ಟಿನ ಗುರುತಿನಂಥದೊಂದು ಸಂಖ್ಯೆಯನ್ನು ಆ ಪಟ್ಟಿಯಲ್ಲಿ ಬರೆದಿರುತ್ತದೆ. ಟಾಕೀಜಿನ ಸರ್ವರ್ ಫೈಲನ್ನು ನಕಲು ಮಾಡಿಕೊಳ್ಳುವಾಗ ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡುತ್ತದೆ. ದಾರಿಯಲ್ಲಿ ಒಂದು ಅಕ್ಷರದಷ್ಟು ವ್ಯತ್ಯಾಸವಾಗಿದ್ದರೂ ಗುರುತು ತಾಳೆಯಾಗುವುದಿಲ್ಲ.

ಇನ್ನು ಗಾತ್ರದ ಲೆಕ್ಕ. ಹದಿನೈದು ನಿಮಿಷವೆಂದರೆ 900 ಸೆಕೆಂಡು, 21,600 ಫ್ರೇಮು. ‘2ಕೆ’ ಎಂಬ ಅಳತೆಯಲ್ಲಿ ಒಂದು ಫ್ರೇಮಿಗೆ ಅಡ್ಡಕ್ಕೆ 2048, ಉದ್ದಕ್ಕೆ 1080 ಚುಕ್ಕಿಗಳು. ಪ್ರತಿ ಚುಕ್ಕಿಗೂ ಮೂರು ಬಣ್ಣದ ಬೆಲೆಗಳು, ಒಂದೊಂದು ಬೆಲೆಗೆ 12 ಬಿಟ್. ಹಾಗೆಯೇ ಇಟ್ಟರೆ ಒಂದು ಫ್ರೇಮಿಗೆ ಸುಮಾರು 10 ಮೆಗಾಬೈಟ್, ಇಡೀ ಚಿತ್ರಕ್ಕೆ ಸುಮಾರು 215 ಗಿಗಾಬೈಟ್ ಜಾಗ ಬೇಕು. ಆದ್ದರಿಂದ ‘ಜೆಪೆಗ್ 2000’ ಎಂಬ ಪದ್ಧತಿಯಲ್ಲಿ ಪ್ರತಿ ಫ್ರೇಮನ್ನೂ ಒತ್ತಿ ಚಿಕ್ಕದು ಮಾಡುತ್ತಾರೆ. ಸೆಕೆಂಡಿಗೆ 250 ಮೆಗಾಬಿಟ್ ಮೀರಬಾರದೆಂಬುದು ನಿಯಮ. ಆ ಮಿತಿಯಲ್ಲಿ ಹದಿನೈದು ನಿಮಿಷದ ಚಿತ್ರ ಹೆಚ್ಚೆಂದರೆ 28 ಗಿಗಾಬೈಟ್ ಆಗುತ್ತದೆ. ಎರಡೂವರೆ ಗಂಟೆಯದಾದರೆ 280ರ ಆಸುಪಾಸು.

ಮೊಬೈಲಿನ ವಿಡಿಯೊ ಇದಕ್ಕಿಂತ ಎಷ್ಟೋ ಚಿಕ್ಕದು. ಹಿಂದಿನ ಫ್ರೇಮಿಗೂ ಇಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಟ್ಟುಕೊಳ್ಳುವ ಉಪಾಯ ಅದರದು. ಡಿಸಿಪಿಯಲ್ಲಿ ಹಾಗಲ್ಲ, ಪ್ರತಿ ಫ್ರೇಮೂ ಫಿಲ್ಮಿನ ತುಣುಕಿನಂತೆ ತಾನೇ ಪೂರ್ತಿ. ಜಾಗ ಹೆಚ್ಚು ಹಿಡಿದರೂ ಒಂದು ಫ್ರೇಮು ಕೆಟ್ಟರೆ ಮುಂದಿನದು ಕೆಡುವುದಿಲ್ಲ, ನಲವತ್ತು ಅಡಿ ಪರದೆಯ ಮೇಲೂ ಚಿತ್ರ ಒಡೆದು ಕಾಣುವುದಿಲ್ಲ.

ಎಲ್ಲಿ ಎಡವುತ್ತಾರೆ?

ಮೊದಲನೆಯದು ವೇಗ. ಸಿನಿಮಾದ ವೇಗ ಸೆಕೆಂಡಿಗೆ 24 ಫ್ರೇಮು. ಮೊಬೈಲುಗಳಲ್ಲಿ ಸಾಮಾನ್ಯವಾಗಿ 30 ಇರುತ್ತದೆ, ಅದೂ ಕೆಲವೊಮ್ಮೆ ಏರುಪೇರಾಗುತ್ತದೆ. ಕೆಲವು ಕ್ಯಾಮೆರಾಗಳಲ್ಲಿ 25. ಇಪ್ಪತ್ತೈದರದನ್ನು 24ರಲ್ಲಿ ಓಡಿಸಿದರೆ ಹದಿನೈದು ನಿಮಿಷದ ಚಿತ್ರ 37 ಸೆಕೆಂಡು ಹಿಗ್ಗುತ್ತದೆ. ಧ್ವನಿಯನ್ನೂ ಅಷ್ಟೇ ಹಿಗ್ಗಿಸದಿದ್ದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಚಿತ್ರೀಕರಣದ ಮೊದಲ ದಿನವೇ ಕ್ಯಾಮೆರಾವನ್ನು 24ಕ್ಕೆ ಇಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ.

ಎರಡನೆಯದು ಚೌಕಟ್ಟು. ಸಿನಿಮಾಕ್ಕೆ ‘ಫ್ಲಾಟ್’, ‘ಸ್ಕೋಪ್’ ಎಂಬ ಎರಡು ಆಕಾರಗಳಿವೆ. 2ಕೆ ಅಳತೆಯಲ್ಲಿ ಫ್ಲಾಟ್ 1998ಕ್ಕೆ 1080, ಸ್ಕೋಪ್ 2048ಕ್ಕೆ 858. ಮೊಬೈಲಿನ 1920ಕ್ಕೆ 1080ರ ಚಿತ್ರವನ್ನು ಫ್ಲಾಟಿನಲ್ಲಿ ಕೂಡಿಸಿದರೆ ಎರಡೂ ಬದಿಗೆ 39 ಚುಕ್ಕಿಯಷ್ಟು ಕಪ್ಪು ಪಟ್ಟಿ ಉಳಿಯುತ್ತದೆ. ಅದರಿಂದ ತೊಂದರೆಯಿಲ್ಲ. ಪಟ್ಟಿ ಮುಚ್ಚುವ ಆಸೆಗೆ ಚಿತ್ರವನ್ನು ಎಳೆದರೆ ಮನುಷ್ಯರು ದಪ್ಪಗೆ ಕಾಣುತ್ತಾರೆ.

ಮೂರನೆಯದು ಧ್ವನಿ. ‘5.1’ ಎಂದರೆ ಆರು ಜಾಡುಗಳು: ಎಡ, ಬಲ, ನಡು, ಗುಡುಗಿನಂಥ ತಗ್ಗಿನ ಸದ್ದು, ಹಾಗೂ ಸುತ್ತಲಿನ ಎಡ, ಬಲ. ಮಾತೆಲ್ಲ ಸಾಮಾನ್ಯವಾಗಿ ಪರದೆಯ ಹಿಂದಿನ ನಡು ಸ್ಪೀಕರಿನಿಂದ ಬರುತ್ತದೆ. ಜಾಡುಗಳ ಕ್ರಮ ಅದಲು ಬದಲಾದರೆ ಕೋಟೆಯ ಕಥೆ ಹೇಳುವ ಅಜ್ಜನ ಮಾತು ಪ್ರೇಕ್ಷಕರ ಬೆನ್ನ ಹಿಂದಿನಿಂದ ಕೇಳಿಸೀತು!

ನಾಲ್ಕನೆಯದು ಬಣ್ಣ. ಕಂಪ್ಯೂಟರಿನ ಪರದೆಗೂ ಟಾಕೀಜಿನ ಪರದೆಗೂ ಬಣ್ಣದ ಲೆಕ್ಕ ಒಂದೇ ಅಲ್ಲ. ಮನುಷ್ಯನ ಕಣ್ಣು ಬಣ್ಣವನ್ನು ಗ್ರಹಿಸುವ ರೀತಿಯನ್ನೇ ಆಧಾರವಾಗಿಟ್ಟ ‘ಎಕ್ಸ್‌ವೈಝಡ್’ ಎಂಬ ಲೆಕ್ಕಕ್ಕೆ ಡಿಸಿಪಿಯಲ್ಲಿ ಬಣ್ಣಗಳನ್ನು ಬದಲಿಸಲಾಗುತ್ತದೆ. ಕೊಪ್ಪಳದಲ್ಲಿ ಕಂಡ ಕೆಂಪು ಬೂಸಾನಿನಲ್ಲೂ ಅದೇ ಕೆಂಪಾಗಿರಲಿ ಎಂಬುದು ಉದ್ದೇಶ.

ಐದನೆಯದು ಕನ್ನಡಿಗರಿಗೇ ಮೀಸಲಾದ ತೊಡಕು. ಉಪಶೀರ್ಷಿಕೆಯನ್ನು ಅಕ್ಷರಗಳಾಗಿಯೇ ಕಳಿಸಿದರೆ ಅವನ್ನು ಪರದೆಯ ಮೇಲೆ ಬರೆಯುವ ಕೆಲಸ ಟಾಕೀಜಿನ ಯಂತ್ರದ್ದು. ಇಂಗ್ಲಿಷಿಗೆ ಅಡ್ಡಿಯಿಲ್ಲ. ಕನ್ನಡದ ಒತ್ತಕ್ಷರವನ್ನು ಎಲ್ಲ ಯಂತ್ರಗಳೂ ಸರಿಯಾಗಿ ಕೂಡಿಸುತ್ತವೆಂಬ ಭರವಸೆ ಇಲ್ಲ. ‘ಇರಕಲ್ಲಗಡ’ ಎಂಬ ಊರ ಹೆಸರೇ ‘ಇರಕಲ್‌ಲಗಡ’ ಎಂದು ಬಿಡಿಬಿಡಿಯಾಗಿ ಮೂಡಬಹುದು. ಆದ್ದರಿಂದ ಕನ್ನಡ ಸಾಲುಗಳನ್ನು ಮೊದಲೇ ಚಿತ್ರದ ಮೇಲೆ ಅಚ್ಚು ಹಾಕಿಬಿಡುವುದು ಕ್ಷೇಮ.

ಕೊನೆಯದು ಹೆಸರು. ಪ್ರೊಜೆಕ್ಟರ್ ಕೋಣೆಯ ಆಪರೇಟರಿಗೆ ಕಾಣುವುದು ಚಿತ್ರದ ಹೆಸರಿನ ಒಂದು ಸಾಲು ಮಾತ್ರ. ಫ್ಲಾಟೋ ಸ್ಕೋಪೋ, ಭಾಷೆ ಯಾವುದು, ಉಪಶೀರ್ಷಿಕೆ ಇದೆಯೋ ಇಲ್ಲವೋ, ಧ್ವನಿ 5.1 ಹೌದೋ ಅಲ್ಲವೋ ಎಂಬುದನ್ನೆಲ್ಲ ಸಂಕ್ಷೇಪಾಕ್ಷರಗಳಲ್ಲಿ ಆ ಸಾಲಿನಲ್ಲೇ ಬರೆಯುವ ಪದ್ಧತಿಯಿದೆ. ‘ಫೈನಲ್’, ‘ಫೈನಲ್ ಹೊಸದು’ ಎಂದು ಹೆಸರಿಟ್ಟು ಕಳಿಸಿದರೆ ಆತ ಯಾವುದನ್ನು ಹಾಕಬೇಕು?

ಬೀಗ ಮತ್ತು ಬೀಗದ ಕೈ

ದೊಡ್ಡ ಚಿತ್ರಗಳ ಡಿಸಿಪಿಗೆ ಬೀಗ ಹಾಕಿರುತ್ತಾರೆ. ಡಿಸ್ಕ್ ಕದ್ದರೂ ಚಿತ್ರ ತೆರೆಯದು. ತೆರೆಯಲು ಬೇಕಾದ ಕೈ ಬೇರೆಯಾಗಿ, ಪುಟ್ಟ ಫೈಲಿನ ರೂಪದಲ್ಲಿ ಬರುತ್ತದೆ. ಅದಕ್ಕೆ ‘ಕೆಡಿಎಂ’ ಎಂದು ಹೆಸರು. ಅದು ಗೊತ್ತುಪಡಿಸಿದ ಒಂದೇ ಸರ್ವರಿಗೆ, ಗೊತ್ತುಪಡಿಸಿದ ದಿನ ಮತ್ತು ಗಂಟೆಗಳಿಗೆ ಮಾತ್ರ ಒಪ್ಪುತ್ತದೆ. ಹತ್ತೂವರೆಯ ಆಟಕ್ಕೆ ಹನ್ನೊಂದರಿಂದ ನಡೆಯುವ ಕೈ ಬಂದಿದ್ದರೆ ತುಂಬಿದ ಟಾಕೀಜು ಅರ್ಧ ಗಂಟೆ ಶಿಳ್ಳೆ ಹೊಡೆಯುತ್ತ ಕೂರಬೇಕಾದೀತು. ಸರ್ವರ್ ಬದಲಾಗಿದ್ದರೆ ಹೊಸ ಕೈ ಬರುವ ತನಕ ಆಟವೇ ಇಲ್ಲ. ಇರಕಲ್ಲಗಡದ ಹುಡುಗಿಯಂಥವರು ಬೀಗ ಹಾಕದೆ ಕಳಿಸುವುದೇ ಒಳ್ಳೆಯದು.

ಬೀಗದ ಮಾತು ಬಂದಾಗ ದುಡ್ಡಿನ ಮಾತೂ ಬರುತ್ತದೆ. ಪ್ರಿಂಟಿನ ಖರ್ಚು ಹೋದರೂ ನಿರ್ಮಾಪಕರು ಡಿಜಿಟಲ್ ಸಂಸ್ಥೆಗಳಿಗೆ ಪ್ರದರ್ಶನದ ಶುಲ್ಕ ಕಟ್ಟಬೇಕಾಯಿತು. ಆ ಶುಲ್ಕ ಹೆಚ್ಚಾಯಿತೆಂದು 2018ರ ಮಾರ್ಚಿನಲ್ಲಿ ದಕ್ಷಿಣ ಭಾರತದ ಚಿತ್ರೋದ್ಯಮಗಳು ಹೊಸ ಚಿತ್ರಗಳ ಬಿಡುಗಡೆಯನ್ನೇ ತಡೆಹಿಡಿದವು. ಸಣ್ಣ ನಿರ್ಮಾಪಕರಿಗೆ ಈ ಲೆಕ್ಕ ತಿಳಿದಿರುವುದು ಕಥೆ ತಿಳಿದಿರುವಷ್ಟೇ ಮುಖ್ಯ.

ಹೊಟ್ಟೆಪಾಡಾದೀತೆ?

ಮಕ್ಕಳು ಸಿನಿಮಾ ಎಂದ ಕೂಡಲೇ ತಂದೆತಾಯಿಗಳು ಹೌಹಾರುವುದು ಸಹಜ. ಇದ್ದದ್ದನ್ನು ಇದ್ದಂತೆ ಹೇಳುವುದಾದರೆ, ಡಿಸಿಪಿ ಮಾಡುವುದೊಂದನ್ನೇ ಕಲಿತರೆ ಹೊಟ್ಟೆ ತುಂಬುವುದು ಕಷ್ಟ. ಒತ್ತುವ, ಕೂಡಿಸುವ ಯಾಂತ್ರಿಕ ಕೆಲಸವನ್ನು ತಂತ್ರಾಂಶವೇ ಮಾಡುತ್ತದೆ. ಆದರೆ ಸಂಕಲನ, ಧ್ವನಿ, ವರ್ಣ, ಉಪಶೀರ್ಷಿಕೆ ಇವುಗಳಲ್ಲಿ ಯಾವುದನ್ನೇ ಕಲಿತವರಿಗೂ ಕೊನೆಯ ಹೆಜ್ಜೆ ಗೊತ್ತಿದ್ದರೆ ಬೆಲೆ ಹೆಚ್ಚು. ಬೆಂಗಳೂರು, ಚೆನ್ನೈ, ಹೈದರಾಬಾದುಗಳ ಸ್ಟುಡಿಯೋಗಳಿಗೆ ಬೇಕಾಗುವುದು ಫೈಲುಗಳನ್ನು ಶಿಸ್ತಾಗಿ ಇಡುವ, ಕಳಿಸುವ ಮುನ್ನ ಎರಡು ಸಲ ನೋಡುವ ಜನ.

ಕಲಿಯಲು ದೊಡ್ಡ ಖರ್ಚಿಲ್ಲ. ‘ಡಿಸಿಪಿ-ಓ-ಮ್ಯಾಟಿಕ್’ ಎಂಬ ತಂತ್ರಾಂಶ ಉಚಿತ. ಪ್ಯಾಕೇಜು ಕಟ್ಟುವುದು, ಓಡಿಸಿ ನೋಡುವುದು, ತಪ್ಪು ಹುಡುಕುವುದು ಎಲ್ಲಕ್ಕೂ ಅದರಲ್ಲಿ ಸಾಧನಗಳಿವೆ. ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತದೆ, ರಾತ್ರಿಯಿಡೀ ಬಿಟ್ಟಿರಬೇಕಾದೀತು ಅಷ್ಟೆ. ಎಷ್ಟೋ ಸರ್ವರುಗಳು ಲಿನಕ್ಸ್ ಪದ್ಧತಿಯ ಡಿಸ್ಕನ್ನು ಬಯಸುವುದರಿಂದ ಲಿನಕ್ಸ್‌ನ ಪರಿಚಯವಿದ್ದರೆ ಅನುಕೂಲ. ಕ್ರಮವಾಗಿ ಓದಬಯಸುವವರಿಗೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಿದೆ. ಪದವಿಯ ನಂತರವಾದರೆ ಪುಣೆಯ ಸಂಸ್ಥೆಯೂ ಇದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಬುತ್ತಿ ಕಟ್ಟಿದೆವೆಂದು ಕಣಜ ಖಾಲಿ ಮಾಡಬಾರದು. ಡಿಸಿಪಿ ಪ್ರದರ್ಶನಕ್ಕೆ ಮಾಡಿದ್ದು, ಕಾಪಿಡಲು ಅಲ್ಲ. ಮೂಲ ಫೈಲುಗಳನ್ನು ಎರಡು ಡಿಸ್ಕುಗಳಲ್ಲಿ, ಎರಡು ಮನೆಗಳಲ್ಲಿ ಇಟ್ಟು ವರ್ಷಕ್ಕೊಮ್ಮೆ ತೆರೆದು ನೋಡಬೇಕು. 1934ರಲ್ಲಿ ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಉಳಿದಿಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ದ ಮೂಲ ಉಳಿದಿದ್ದರಿಂದಲೇ ಅದನ್ನು ಹೊಸದಾಗಿ ಸಿದ್ಧಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಸಾಧ್ಯವಾಯಿತು.

ಕೊಪ್ಪಳದ ಆ ಬೆಳಗಿನ ಆಟಕ್ಕೆ ಹುಡುಗಿ ಒಂದು ದಿನ ಮುಂಚೆಯೇ ಹೋಗಿ, ಡಿಸ್ಕ್ ಕೊಟ್ಟು, ಆಪರೇಟರನ್ನು “ಅಣ್ಣಾರ, ಮೊದಲ ಎರಡು ನಿಮಿಷ ಓಡಿಸಿ ತೋರಸ್ರಿ” ಎಂದು ಕೇಳಿಕೊಳ್ಳಬೇಕು. ಮಾತು ನಡುವಿನಿಂದ ಬರುತ್ತಿದೆಯೇ, ಮುಖಗಳು ನೆಟ್ಟಗಿವೆಯೇ, ಊರ ಹೆಸರು ಒಡೆಯದೆ ಮೂಡಿದೆಯೇ ಎಂದು ಹಿಂದಿನ ಸಾಲಿನಲ್ಲಿ ನಿಂತು ನೋಡಬೇಕು. ಕಂಪ್ಯೂಟರಿನ ಮುಂದೆ ಎಷ್ಟೇ ಪರೀಕ್ಷೆ ಮಾಡಿದರೂ ಕೊನೆಯ ಪರೀಕ್ಷೆ ಅಲ್ಲೇ ಆಗಬೇಕು. ಮರುದಿನ ಟ್ರ್ಯಾಕ್ಸ್ ಇಳಿದು ಬರುವ ಹಿರಿಯರಿಗೆ ಇದೊಂದೂ ತಿಳಿಯಬೇಕಿಲ್ಲ. ತಮ್ಮ ಊರಿನ ಕೋಟೆ ದೊಡ್ಡ ಪರದೆಯ ಮೇಲೆ ಕಂಡರೆ ಅವರಿಗಷ್ಟೇ ಸಾಕು.