ಸುತ್ತಳತೆ ಗೊತ್ತು, ಆಯತ ಗೊತ್ತೇ?

‘ಉದ್ದ 12 ಮೀಟರ್, ಅಗಲ 8 ಮೀಟರ್ ಇರುವ ಆಯತದ ಸುತ್ತಳತೆ ಎಷ್ಟು?’ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಶಾಲೆಗಳಲ್ಲಿ ನನ್ನೆದುರು ಕುಳಿತಿದ್ದ ನಿಮಗೆಲ್ಲ ಈ ಬಗೆಯ ಪ್ರಶ್ನೆ ನೆನಪಿರಬಹುದು. ಎರಡನ್ನೂ ಕೂಡಿಸಿ ಇಮ್ಮಡಿಸಿದರೆ 40 ಮೀಟರ್, ಪೂರ್ಣ ಅಂಕ. ಇಲ್ಲಿ ಪರೀಕ್ಷೆಗೊಳಗಾದದ್ದು ಸಂಕಲನವೇ ಹೊರತು ಆಯತದ ತಿಳಿವಳಿಕೆಯಲ್ಲವೆಂಬುದು ನನ್ನ ಖಚಿತ ನಿಲುವು.

ಪ್ರಶ್ನೆಯನ್ನು ತಿರುಗಿಸಿ ನೋಡಿರಿ: ‘ಸುತ್ತಳತೆ 40 ಮೀಟರ್, ಉದ್ದ, ಅಗಲ ಎಷ್ಟೆಷ್ಟಿರಬಹುದು?’ ಸೂತ್ರವನ್ನಷ್ಟೇ ಬಾಯಿಪಾಠ ಮಾಡಿದವನು ಲೇಖನಿ ಕೆಳಗಿಡುತ್ತಾನೆ. ತಿಳಿದವಳು ಎರಡರ ಮೊತ್ತ 20 ಎಂದು ಗ್ರಹಿಸಿ 12 ಮತ್ತು 8, 15 ಮತ್ತು 5, 18 ಮತ್ತು 2 ಎಂದು ಬರೆಯುತ್ತಾಳೆ. 10 ಮತ್ತು 10 ಬರೆದು, ಚೌಕವೂ ಆಯತವೇ ಎಂದು ತೋರಿಸುತ್ತಾಳೆ.

ಬ್ಯಾಡಗಿ ಸೀಮೆಯ ರೈತನಿಗೆ ಇದು ಬದುಕಿನ ಲೆಕ್ಕ. ಮೆಣಸಿನಕಾಯಿ ಒಣಗಿಸುವ ಜಾಗಕ್ಕೆ 40 ಮೀಟರ್ ತಂತಿಯ ಬೇಲಿ ಹಾಕಿದರೆ, ಉದ್ದ 18, ಅಗಲ 2 ಆದಾಗ ದೊರೆಯುವುದು 36 ಚದರ ಮೀಟರ್. ಎರಡೂ 10 ಆದಾಗ 100. ತಂತಿ ಮಾತ್ರ ಅಷ್ಟೇ.

ಹಲವು ಸರಿಯುತ್ತರಗಳಿದ್ದರೆ ಮೌಲ್ಯಮಾಪನ ಕಷ್ಟವೆನ್ನುವವರಿದ್ದಾರೆ. ಮಾದರಿ ಉತ್ತರದ ಹಾಳೆಯಲ್ಲಿಲ್ಲವೆಂದು ಸರಿಯುತ್ತರಕ್ಕೆ ಕೆಂಪು ಗೀಟು ಬಿದ್ದದ್ದನ್ನು ನಾನು ಕಂಡಿದ್ದೇನೆ. ಕಷ್ಟ ತಿದ್ದುವವರದು, ದಂಡವನ್ನು ಮಗು ತೆರಬೇಕೆ? ಕಲಿಕೆಯನ್ನು ಕಂಠಪಾಠದಿಂದ ಬಿಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಪ್ರಶ್ನೆಪತ್ರಿಕೆ ಬದಲಾಗದೆ ಅದು ಸಾಧ್ಯವಿಲ್ಲ.

ನಿಮ್ಮಲ್ಲಿ ಹಲವರು ಈಗ ಶಿಕ್ಷಕರು, ಪಾಲಕರು. ಮನೆಯ ಮಗುವಿನ ಕೈಗೆ ದಾರವೊಂದನ್ನು ಕೊಟ್ಟು ಆ ಎರಡನೆಯ ಪ್ರಶ್ನೆಯನ್ನು ಕೇಳಿರಿ. ಬಂದ ಉತ್ತರವನ್ನು ನನಗೂ ತಿಳಿಸಿರಿ.